ತಾತನ ಸೇನಾ ದಾಖಲೆ ಹುಡುಕಿ ಓದಿದ ಹದಿನಾಲ್ಕು ತಿಂಗಳು

ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದರು ಎಂಬುದಷ್ಟೇ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಯಾವ ಪಡೆ, ಅಲ್ಲಿ ಏನು ಕೆಲಸ, ಯಾವಾಗ ಹೋದರು, ಯಾವಾಗ ಬಂದರು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಹುಡುಕಾಟ ಹದಿನಾಲ್ಕು ತಿಂಗಳು ಹಿಡಿಯಿತು, ಕಳೆದ ವಾರ ಮುಗಿಯಿತು. ಅದರಲ್ಲಿ ಐದಾರು ತಿಂಗಳು ತಪ್ಪು ದಾರಿಯಲ್ಲೇ ಹೋಯಿತು. ಇದೇ ಕೆಲಸಕ್ಕೆ ಕೈಹಾಕುವವರಿಗೆ ಆ ಐದಾರು ತಿಂಗಳಾದರೂ ಉಳಿಯಲಿ ಎಂದು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ತಾತನ ಹೆಸರು, ಸೇನೆ ಕೊಟ್ಟ ನಂಬರು, ಅವರಿದ್ದ ಕಂಪನಿಯ (ದಳದೊಳಗಿನ ತುಕಡಿಯ) ಸಂಖ್ಯೆ ಇಲ್ಲಿ ಹಾಕಿಲ್ಲ. ನೀವೂ ನಿಮ್ಮ ಹಿರಿಯರ ಪೂರ್ತಿ ನಂಬರನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ.

ಟ್ರಂಕಿನ ತಳದಲ್ಲಿ ಸಿಕ್ಕಿದ್ದು ಎರಡು ಪದಕ, ನಾಲ್ಕು ಮಡಿಕೆ ಮಾಡಿಟ್ಟ ಡಿಸ್ಚಾರ್ಜ್ ಸರ್ಟಿಫಿಕೇಟ್, ರಟ್ಟು ಹೋದ ಪೇ ಬುಕ್ (ಸೈನಿಕನ ಸಂಬಳದ ಪುಸ್ತಕ), ಒಂದು ಪೋಸ್ಟ್ ಕಾರ್ಡ್. ಸರ್ಟಿಫಿಕೇಟಿನ ಮಡಿಕೆಯ ಗೆರೆಗಳಲ್ಲಿ ಅಕ್ಷರ ಉದುರಿಹೋಗಿತ್ತು. ಹೆಸರಿದ್ದ ಮೇಲಿನ ಮೂಲೆಗೆ ಯಾವುದೋ ಮಳೆಗಾಲದಲ್ಲಿ ನೀರು ಕುಡಿದು ನೇರಳೆ ಬಣ್ಣ ಹರಡಿತ್ತು. ಆ ಕಾಲದ ಗುಮಾಸ್ತರು ಬಳಸುತ್ತಿದ್ದ ಕಾಪಿಯಿಂಗ್ ಪೆನ್ಸಿಲಿನ ಗುಣ ಅದು. ಒಣಗಿದಾಗ ಬೂದು, ತೇವ ತಾಕಿದರೆ ನೇರಳೆ. ಅಂಥ ಕಾಗದವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಉಳಿದದ್ದೂ ಹೋಗುತ್ತದೆ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಖಂಡಿತ ಬೇಡ. ಹರಡಿ, ಮೇಲೊಂದು ಗಾಜು ಇಟ್ಟು, 600 ಡಿಪಿಐಯಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಬರಹದ ಮೇಲೆ ಕೆಂಪು ಮೊಹರು ಬಿದ್ದಿದ್ದರೆ ಚಿತ್ರ ತಿದ್ದುವ ಯಾವುದಾದರೂ ಆ್ಯಪ್‌ನಲ್ಲಿ ಕೆಂಪು ಚಾನೆಲ್ ಒಂದನ್ನೇ ತೆರೆದು ನೋಡಿ. ಮೊಹರು ಬೆಳ್ಳಗಾಗಿ ಮರೆಯಾಗುತ್ತದೆ, ಕೆಳಗಿನ ಅಕ್ಷರ ಎದ್ದು ಕಾಣುತ್ತದೆ. ನಮಗೆ ದಳದ ಹೆಸರು ಸಿಕ್ಕಿದ್ದು ಹೀಗೆಯೇ.

ಆದರೆ ನಂಬರು ಸಿಕ್ಕಿದ್ದು ಪದಕದಲ್ಲಿ. ಬ್ರಿಟಿಷ್ ಸೈನಿಕರಿಗೆ ಈ ಯುದ್ಧದ ಪದಕಗಳನ್ನು ಹೆಸರಿಲ್ಲದೆ ಕೊಟ್ಟರು. ಭಾರತದ ಸೈನಿಕರಿಗೆ ಕೊಟ್ಟ ಎಷ್ಟೋ ಪದಕಗಳಲ್ಲಿ ಮಾತ್ರ ನಂಬರು, ದರ್ಜೆ, ಹೆಸರು, ದಳ ನಾಲ್ಕನ್ನೂ ಅಚ್ಚೊತ್ತಿದ್ದಾರೆ. ದುಂಡಗಿನ ಪದಕವಾದರೆ ಅಂಚಿನ ಸುತ್ತ, ನಕ್ಷತ್ರವಾದರೆ ಹಿಂಬದಿಯಲ್ಲಿ ನೋಡಿ. ಹುಣಿಸೆಹಣ್ಣು, ಬ್ರಾಸೋ ಹಾಕಿ ತಿಕ್ಕಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಆ ಅಚ್ಚು ಸವೆಯುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಅಂಚಿಗೆ ತಾಗುವಂತೆ ಹಿಡಿದು ಪದಕವನ್ನು ನಿಧಾನವಾಗಿ ತಿರುಗಿಸಿ. ಅಳಿದಂತೆ ಕಂಡ ಅಂಕಿಗೂ ನೆರಳು ಬೀಳುತ್ತದೆ. ಅಂಕಿಯ ಮುಂದೆ ಅಕ್ಷರಗಳಿದ್ದರೆ ಅವೂ ನಂಬರಿನ ಭಾಗ, ಬಿಡಬೇಡಿ.

ಪದಕ ಯಾವುದು ಎಂಬುದೇ ಅರ್ಧ ಕಥೆ ಹೇಳುತ್ತದೆ. ಆರು ಮೂಲೆಯ ತಾಮ್ರಬಣ್ಣದ ನಕ್ಷತ್ರದ ನಡುವೆ ಬರ್ಮಾ ಸ್ಟಾರ್ ಎಂದಿದ್ದರೆ, 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರ ನಡುವೆ ಆ ರಣಕ್ಷೇತ್ರಕ್ಕೆ ಹೋಗಿದ್ದರು ಎಂದರ್ಥ. ಆಫ್ರಿಕಾ ಸ್ಟಾರ್ 1940ರ ಜೂನ್ 10ರಿಂದ 1943ರ ಮೇ 12ರವರೆಗಿನದು, ಇಟಲಿ ಸ್ಟಾರ್ 1943ರ ಜೂನ್ 11ರಿಂದ 1945ರ ಮೇ 8ರವರೆಗಿನದು. ಬಿಳಿ ಲೋಹದ ದುಂಡು ಪದಕದ ಹಿಂದೆ ಸಿಂಹವೊಂದು ಡ್ರ್ಯಾಗನ್ ಮೇಲೆ ನಿಂತಿದ್ದರೆ ಅದು ವಾರ್ ಮೆಡಲ್, 28 ದಿನ ಸೇವೆ ಮಾಡಿದವರಿಗೆಲ್ಲ ಸಿಕ್ಕಿದ್ದು. ಭಾರತದ ನಕ್ಷೆ ಇದ್ದರೆ ಇಂಡಿಯಾ ಸರ್ವಿಸ್ ಮೆಡಲ್, ಅದಕ್ಕೆ ಮೂರು ವರ್ಷದ ಸೇವೆ ಬೇಕಿತ್ತು. ತಾತನವು ಬರ್ಮಾ ಸ್ಟಾರ್ ಮತ್ತು ವಾರ್ ಮೆಡಲ್. ಪದಕ ಇಲ್ಲ ಎಂದ ಮಾತ್ರಕ್ಕೆ ಯುದ್ಧಕ್ಕೆ ಹೋಗಿಲ್ಲ ಎಂದು ತಿಳಿಯಬೇಡಿ. ಯುದ್ಧ ಮುಗಿದು ಊರಿಗೆ ಬಂದ ಮೇಲೆ ಹಂಚಿದ ಪದಕಗಳವು. ಕೇಳದವರಿಗೆ ಬರಲೇ ಇಲ್ಲ, ಬಂದವು ಎಷ್ಟೋ ಮನೆಗಳಲ್ಲಿ ಮಕ್ಕಳ ಆಟದ ಸಾಮಾನಾದವು.

ದಳ ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂದು ಗೊತ್ತಾಯಿತು. ಸೇನೆಗೆ ರಸ್ತೆ, ಸೇತುವೆ ಕಟ್ಟಿಕೊಡುವ ದಳ ಅದು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಇರುವ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಅದೇ. ಇಷ್ಟು ತಿಳಿಯುವ ಮೊದಲೇ ನಾವು ಎರಡು ತಪ್ಪು ಮಾಡಿ ಆಗಿತ್ತು. ಮೊದಲನೆಯದು, ಲಂಡನ್ನಿಗೆ ಬರೆದದ್ದು. ಬ್ರಿಟಿಷ್ ಕಾಲದ ಸೈನ್ಯ ಅಂದಮೇಲೆ ದಾಖಲೆಯೂ ಅಲ್ಲೇ ಇರಬೇಕು ಎಂದುಕೊಂಡೆವು. ಇಂಡಿಯನ್ ಆರ್ಮಿಯ ಸಾಮಾನ್ಯ ಸೈನಿಕರ ವೈಯಕ್ತಿಕ ದಾಖಲೆಗಳು ಅಲ್ಲಿಗೆ ಹೋಗಲೇ ಇಲ್ಲ. ಅವು ಆಯಾ ದಳದ ದಾಖಲೆ ಕಚೇರಿಯಲ್ಲೇ ಉಳಿದವು. ವಿಭಜನೆಯಲ್ಲಿ ದಳ ಪಾಕಿಸ್ತಾನದ ಪಾಲಾಗಿದ್ದರೆ ಅದರೊಂದಿಗೇ ಅತ್ತ ಹೋದವು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವುದು ಅಧಿಕಾರಿಗಳ ಕಡತ, ಎಲ್/ಮಿಲ್/14 ಎಂಬ ಸರಣಿ. ಯುದ್ಧಕಾಲದಲ್ಲಿ ಎಮರ್ಜೆನ್ಸಿ ಕಮಿಷನ್ (ಯುದ್ಧದ ಅವಧಿಗೆ ಅಧಿಕಾರಿ ಹುದ್ದೆ) ಪಡೆದ ಭಾರತೀಯರೂ ಅದರಲ್ಲಿದ್ದಾರೆ. ನಿಮ್ಮ ತಾತ ಲೆಫ್ಟಿನೆಂಟೋ ಕ್ಯಾಪ್ಟನ್ನೋ ಆಗಿದ್ದರೆ ಅಲ್ಲಿ ಕೇಳಿ. ಸಿಪಾಯಿ, ನಾಯಕ್, ಹವಾಲ್ದಾರ್ ಆಗಿದ್ದರೆ ಆ ಅಂಚೆ ಖರ್ಚು ಉಳಿಸಿ.

ಎರಡನೆಯ ತಪ್ಪು, ಬೇರೊಂದು ದಳದ ದಾಖಲೆ ಕಚೇರಿಗೆ ಬರೆದದ್ದು. ಭಾರತೀಯ ಸೇನೆಯ ಎಲ್ಲ ಸೈನಿಕರ ದಾಖಲೆ ಒಂದೇ ಕಡೆ ಇಲ್ಲ. ಪ್ರತಿ ದಳಕ್ಕೂ ತನ್ನದೇ ಕಚೇರಿ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲಿಂಗ್ಟನ್, ತೋಪುಖಾನೆಯಾದರೆ ನಾಸಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್ ಆದರೆ ಜಬಲ್ಪುರ, ಆಸ್ಪತ್ರೆ ಸೇವೆಯಾದರೆ ಲಖನೌ, ಆರ್ಡ್‌ನೆನ್ಸ್ (ಶಸ್ತ್ರ, ಸಾಮಗ್ರಿ ಪೂರೈಕೆ) ಮತ್ತು ವಾಹನ, ಯಂತ್ರ ರಿಪೇರಿಯ ಇ.ಎಂ.ಇ. ಆದರೆ ಸಿಕಂದರಾಬಾದ್. ಲಾರಿ ಓಡಿಸುತ್ತಿದ್ದರು, ರೇಷನ್ ಸಾಗಿಸುತ್ತಿದ್ದರು ಎಂಬ ನೆನಪು ಮನೆಯಲ್ಲಿದ್ದರೆ ಅದು ಬಹುಮಟ್ಟಿಗೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಇಂದಿನ ಎ.ಎಸ್.ಸಿ. ದಕ್ಷಿಣದವರಾದರೆ ಬೆಂಗಳೂರಿನಲ್ಲೇ ವಿಚಾರಿಸಿ. ಇನ್ನೊಂದು ಸಂಗತಿ: ಇ.ಎಂ.ಇ. ದಳ ಹುಟ್ಟಿದ್ದೇ 1943ರ ಮೇ 1ರಂದು. ಮೆಕ್ಯಾನಿಕ್ ಆಗಿದ್ದವರು ಅದಕ್ಕೆ ಮುಂಚೆಯೇ ಸೇರಿದ್ದರೆ ಅವರ ಮೊದಲ ದಾಖಲೆ ಬೇರೆ ದಳದ ಹೆಸರಲ್ಲಿರುತ್ತದೆ.

ಮೈಸೂರು ಸಂಸ್ಥಾನದ ಪಡೆಯಲ್ಲಿದ್ದವರ ಮನೆಯವರಿಗೆ ಈ ದಾರಿ ಸ್ವಲ್ಪ ಬೇರೆ. ಫಸ್ಟ್ ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಆ ಸೈನಿಕರೂ ಜಪಾನೀಯರ ಸೆರೆಯಾದರು. ಸಂಸ್ಥಾನದ ಪಡೆಗಳು ಸ್ವಾತಂತ್ರ್ಯಾನಂತರ ಭಾರತೀಯ ಸೇನೆಗೆ ಸೇರಿದಾಗ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಆದ್ದರಿಂದ ಮೊದಲ ಪತ್ರ ವೆಲಿಂಗ್ಟನ್ನಿಗೆ, ಜೊತೆಗೇ ಸಂಸ್ಥಾನದ ಸೇನಾ ಇಲಾಖೆಯ ಕಡತಗಳಿಗಾಗಿ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಒಂದು ಭೇಟಿ. ಸೆರೆಯಾದವರಲ್ಲಿ ಹಲವರು ಆಜಾದ್ ಹಿಂದ್ ಫೌಜ್ ಸೇರಿದರು. ಯುದ್ಧದ ಕೊನೆಗೆ ವಾಪಸ್ಸು ಬಂದವರನ್ನು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಬಿಳಿ ಎಂದರೆ ನಿಷ್ಠರು, ಕಪ್ಪು ಎಂದರೆ ಮನಸಾರೆ ಫೌಜ್ ಸೇರಿದವರು. ತಾತನ ಹೆಸರಿನ ಪಕ್ಕ ಆ ಇಂಗ್ಲಿಷ್ ಬಣ್ಣದ ಹೆಸರು ಕಂಡರೆ ಮೈಬಣ್ಣ ಬರೆದಿದ್ದಾರೆ ಎಂದು ತಿಳಿಯಬೇಡಿ. ಕಪ್ಪು ಎಂದಿದ್ದರೆ ನಾಚಿಕೆಪಡುವುದಂತೂ ಬೇಡವೇ ಬೇಡ. ಸೆರೆಯಾಳುಗಳ ವಿವರ ಜಿನೀವಾದ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನಲ್ಲೂ ಇದೆ. ಅವರು ವರ್ಷದ ಕೆಲವು ಅವಧಿಗಳಲ್ಲಿ ಮಾತ್ರ, ಮಿತಿಯಿಟ್ಟು ಅರ್ಜಿ ತೆಗೆದುಕೊಳ್ಳುತ್ತಾರೆ.

ಯುದ್ಧದಲ್ಲೇ ತೀರಿಕೊಂಡವರ ವಿಷಯವಾದರೆ ಕಚೇರಿ ಅಲೆಯುವ ಮುಂಚೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ನೋಡಿ, ಉಚಿತ. ಈ ಯುದ್ಧದಲ್ಲಿ ಮಡಿದ 87,000ಕ್ಕೂ ಹೆಚ್ಚು ಭಾರತೀಯರ ಹೆಸರು ಅದರಲ್ಲಿದೆ. ಸಮಾಧಿ ಇಲ್ಲದವರ ಹೆಸರನ್ನು ರಂಗೂನ್ ಬಳಿಯ ತೌಕ್ಯಾನ್‌ನಲ್ಲೋ ಸಿಂಗಪುರದ ಕ್ರಾಂಜಿಯಲ್ಲೋ ಕಲ್ಲಿನ ಮೇಲೆ ಕೆತ್ತಿದ್ದಾರೆ. ಎಷ್ಟೋ ಕಡೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರು ಸಹ ಬರೆದಿರುತ್ತಾರೆ.

ನಮ್ಮ ಕಥೆಗೆ ಬರುತ್ತೇನೆ. ಸರಿಯಾದ ಕಚೇರಿಗೆ ಅರ್ಜಿ ಹಾಕಲು ಹೊರಟಾಗ ಎದುರಾದ ತೊಡಕು ಸೇನೆಯದಲ್ಲ, ಮರಣ ಪ್ರಮಾಣಪತ್ರದ್ದು. ತಾತ ತೀರಿಕೊಂಡದ್ದು 1979ರಲ್ಲಿ, ಹಳ್ಳಿಯಲ್ಲಿ. ಯಾರೂ ನೋಂದಾಯಿಸಿರಲಿಲ್ಲ. ಒಂದು ವರ್ಷ ದಾಟಿದ ಸಾವನ್ನು ನೋಂದಾಯಿಸಲು ಆದೇಶ ಬೇಕು. ಹಿಂದೆ ಅದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿತ್ತು. 2023ರ ತಿದ್ದುಪಡಿಯ ಬಳಿಕ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಕೊಡಬಹುದು. ಅದಕ್ಕೆ ಮೊದಲು ದಾಖಲೆ ಲಭ್ಯವಿಲ್ಲ ಎಂಬ ಪತ್ರ, ಆಮೇಲೆ ಅಫಿಡವಿಟ್, ಊರಿನ ಸಾಕ್ಷಿಗಳು, ಪಹಣಿಯಲ್ಲಿ ಪೌತಿ ಖಾತೆಯಾದಾಗಿನ ನಕಲು. ಇಷ್ಟಕ್ಕೇ ಮೂರು ತಿಂಗಳು. ಪೌತಿ ಖಾತೆಯ ನಕಲು ನಮ್ಮ ಕೈ ಹಿಡಿಯಿತು, ಅದರಲ್ಲಿ ಸತ್ತ ವರ್ಷ ಬರೆದಿತ್ತು. ಜೊತೆಜೊತೆಗೇ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೂ ಅರ್ಜಿ ಹಾಕಿ. ಮೊಮ್ಮಕ್ಕಳು ಕೇಳುವುದಕ್ಕಿಂತ ಬದುಕಿರುವ ಮಗನೋ ಮಗಳೋ ಸಹಿ ಹಾಕಿದರೆ ಕೆಲಸ ಸಲೀಸು. ನಮ್ಮ ಅರ್ಜಿಗೆ ಚಿಕ್ಕಪ್ಪ ಸಹಿ ಹಾಕಿದರು, ಅವರ ಆಧಾರ್ ಪ್ರತಿ ಇಟ್ಟೆವು.

ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಊರು, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ ಎಂದು ಬರೆದೆವು. ಆಗಿನ್ನೂ ಪದಕದ ಅಂಚನ್ನು ಸರಿಯಾಗಿ ನೋಡಿರಲಿಲ್ಲ, ನಂಬರು ಹಾಕಲಿಲ್ಲ. ಒಂಬತ್ತು ವಾರಕ್ಕೆ ಉತ್ತರ ಬಂತು: ಕೊಟ್ಟ ವಿವರಕ್ಕೆ ಹೊಂದುವ ಹೆಸರು ಸಿಗಲಿಲ್ಲ. ಫೋನ್ ಮಾಡಿದಾಗ ಅತ್ತಲಿಂದ ಕೇಳಿದ್ದು ಒಂದೇ ಮಾತು. "ಸರ್, ನಂಬರ್ ಇದೆಯಾ? ನಂಬರ್ ಇದ್ದರೆ ನೋಡಬಹುದು."

ಕಾರಣ ಆಮೇಲೆ ಗೊತ್ತಾಯಿತು. 1942ರ ಗುಮಾಸ್ತನ ಪುಸ್ತಕದಲ್ಲಿ ಪಾಂಡವಪುರ ಎಂಬ ಊರೇ ಇಲ್ಲ, ಇರುವುದು ಫ್ರೆಂಚ್ ರಾಕ್ಸ್. ಹಳೆಯ ದಾಖಲೆ ಹುಡುಕುವವರು ಊರುಗಳ ಅಂದಿನ ಹೆಸರನ್ನು ಮೊದಲು ಬರೆದುಕೊಳ್ಳಬೇಕು. ರಾಮನಗರಕ್ಕೆ ಕ್ಲೋಸ್‌ಪೇಟೆ, ಕುಶಾಲನಗರಕ್ಕೆ ಫ್ರೇಸರ್‌ಪೇಟೆ, ಮಡಿಕೇರಿಗೆ ಮರ್ಕಾರಾ, ಕೃಷ್ಣರಾಜನಗರಕ್ಕೆ ಯಡತೊರೆ, ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ, ಚಿತ್ರದುರ್ಗಕ್ಕೆ ಚಿತಲ್‌ಡ್ರೂಗ್. ಮಂಡ್ಯ ಜಿಲ್ಲೆಯಾದದ್ದೇ 1939ರಲ್ಲಿ. ಅದಾದ ಮೇಲೂ ರೂಢಿಯಂತೆ ಮೈಸೂರು ಜಿಲ್ಲೆ ಎಂದೇ ಬರೆದವರುಂಟು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡದವರು ಬಾಂಬೆ ಪ್ರೆಸಿಡೆನ್ಸಿ, ಬಳ್ಳಾರಿ ಮತ್ತು ದಕ್ಷಿಣ ಕನ್ನಡದವರು ಮದ್ರಾಸ್ ಪ್ರೆಸಿಡೆನ್ಸಿ, ಬೀದರ್, ಗುಲ್ಬರ್ಗ, ರಾಯಚೂರಿನವರು ಹೈದರಾಬಾದ್ ಸಂಸ್ಥಾನ. ಕೊಡಗು ಬೇರೆಯದೇ ಪ್ರಾಂತ್ಯ.

ಹೆಸರಿನದು ಇನ್ನೊಂದು ಗೋಜಲು. ನಮ್ಮ ಇನಿಷಿಯಲ್ ಪದ್ಧತಿ ಸೇನೆಯ ನಮೂನೆಗೆ ಒಗ್ಗುತ್ತಿರಲಿಲ್ಲ. ಒಂದೇ ಹೆಸರು ಬರೆದು, ತಂದೆಯ ಹೆಸರನ್ನು ಪಕ್ಕದ ಕಾಲಂಗೆ ಹಾಕುತ್ತಿದ್ದರು. ಕೇಳಿಸಿದ ಹಾಗೆ ಬರೆಯುವುದು, ಅದೂ ಬೇರೆ ಭಾಷೆಯವನ ಕಿವಿಗೆ ಕೇಳಿಸಿದ ಹಾಗೆ. ಗೌಡ ಎಂಬುದನ್ನೇ ಇಂಗ್ಲಿಷಿನಲ್ಲಿ ಮೂರು ತರಹ ಬರೆದದ್ದು ಕಂಡಿದ್ದೇನೆ. ಅರ್ಜಿಯಲ್ಲಿ ಹೆಸರಿನ ಎಲ್ಲ ರೂಪಗಳನ್ನೂ, ಬಿಡಿಸಿ ಬರೆದದ್ದು, ಕೂಡಿಸಿ ಬರೆದದ್ದು ಎರಡನ್ನೂ ಕೊಡಿ. ಹಳೇ ಊರಿನ ಹೆಸರಿನ ಜೊತೆ ಅಂಚೆ ಕಚೇರಿ, ರೈಲ್ವೆ ಸ್ಟೇಷನ್ ಸಹ ಕೊಡಿ. ಆ ನಮೂನೆಗಳಲ್ಲಿ ಅವಕ್ಕೂ ಕಾಲಂ ಇತ್ತು.

ನಂಬರು ಸಿಕ್ಕ ಮೇಲೆ ಎರಡನೇ ಅರ್ಜಿ. ಈ ಸಲ ಪದಕದ ಅಂಚಿನ ಫೋಟೊ, ಡಿಸ್ಚಾರ್ಜ್ ಸರ್ಟಿಫಿಕೇಟಿನ ಸ್ಕ್ಯಾನ್ ಜೊತೆಗಿಟ್ಟೆವು. ಹನ್ನೊಂದು ವಾರ ಕಾದೆವು. ಇದು ಉದ್ದ ಅನ್ನಿಸಬಹುದು. ಆದರೆ ಈ ಕಚೇರಿಗಳ ನಿತ್ಯದ ಕೆಲಸ ಇಂದಿನ ಸೈನಿಕರ ಪಿಂಚಣಿ, ಬಡ್ತಿ, ಅವಲಂಬಿತರ ಹಕ್ಕು. ಎಂಬತ್ತು ವರ್ಷ ಹಿಂದಿನ ಪುಸ್ತಕವನ್ನು ಕೈಯಿಂದ ತಿರುವಿ ಹುಡುಕುವವರು ಆ ಕೆಲಸದ ನಡುವೆ ಬಿಡುವು ಮಾಡಿಕೊಂಡೇ ಹುಡುಕಬೇಕು. ಉತ್ತರ ಬಾರದೇ ಹೋದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು, ನಕಲಿಗೆ ಪುಟಕ್ಕೆ 2 ರೂಪಾಯಿ. ಆದರೆ ಮೊದಲ ಹೆಜ್ಜೆಗೇ ಅದನ್ನು ಹಾಕಬೇಡಿ ಎಂಬುದು ನನ್ನ ಸಲಹೆ. ಸಾದಾ ಪತ್ರಕ್ಕೆ ಬರುವ ಉತ್ತರದಲ್ಲಿ ಕೆಲವೊಮ್ಮೆ ಕೇಳದೇ ಇದ್ದ ವಿವರವೂ ಇರುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಕೇಳಿದ್ದಕ್ಕಷ್ಟೇ ಉತ್ತರ.

ಬಂದ ಉತ್ತರ ಮೊದಲು ಓದಿದಾಗ ಮನೆಯಲ್ಲಿ ಎಲ್ಲರೂ ಕುಗ್ಗಿದೆವು. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ದಾಖಲೆಯನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುವುದು ನಿಯಮ. ಯುದ್ಧ ಮುಗಿದೊಡನೆ ಮನೆಗೆ ಕಳಿಸಿದ ಲಕ್ಷಾಂತರ ಜನ ಆ ಗುಂಪಿನವರೇ. ತಾತನ ಶೀಟ್ ರೋಲ್, ಅಂದರೆ ಸೇರಿದ ದಿನದಿಂದ ಬಿಟ್ಟ ದಿನದವರೆಗಿನ ಪೂರ್ತಿ ಚರಿತ್ರೆ, ಹಾಗೆ ಹೋಗಿಬಿಟ್ಟಿತ್ತು. ಆದರೆ ಉತ್ತರದ ಎರಡನೇ ಪ್ಯಾರಾ ಓದದೆ ಪತ್ರ ಮಡಿಚಬೇಡಿ. ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರನ್ನು ನಾಶ ಮಾಡುವುದಿಲ್ಲ. ಒಬ್ಬ ಸೈನಿಕನಿಗೆ ಅದರಲ್ಲಿ ಒಂದೇ ಸಾಲು: ನಂಬರು, ಹೆಸರು, ತಂದೆ, ಊರು, ಸೇರಿದ ದಿನ, ಬಿಟ್ಟ ದಿನ, ಕಾರಣ. ಪತ್ರ ಬರೆಯುವಾಗಲೇ ಶೀಟ್ ರೋಲ್ ಇಲ್ಲದಿದ್ದರೆ ಲಾಂಗ್ ರೋಲಿನ ಉದ್ಧೃತ ಪ್ರತಿ ಕೊಡಿ ಎಂದು ಸೇರಿಸಿದರೆ ಒಂದು ಸುತ್ತಿನ ಓಲೆ ಉಳಿಯುತ್ತದೆ. ತಾತನೋ ಅಜ್ಜಿಯೋ ಯಾವಾಗಲಾದರೂ ಸೈನಿಕ ಕಲ್ಯಾಣ ಇಲಾಖೆಯಿಂದ ಸಹಾಯಧನ ಪಡೆದಿದ್ದರೆ ಜಿಲ್ಲಾ ಕಚೇರಿಯಲ್ಲೂ ಕೇಳಿ, ಆಗ ಕೊಟ್ಟ ಕಾಗದದ ನಕಲು ಅಲ್ಲಿ ಸಿಗಬಹುದು.

ಈಗ ನಮ್ಮ ಕೈಯಲ್ಲಿ ಮೂರು: ಲಾಂಗ್ ರೋಲಿನ ಒಂದು ಸಾಲು, ನೀರು ಕುಡಿದ ಸರ್ಟಿಫಿಕೇಟ್, ಪೇ ಬುಕ್ಕಿನ ಹದಿನಾರು ಪುಟ. ಒಂದರಲ್ಲಿ ಹರಿದದ್ದು ಇನ್ನೊಂದರಲ್ಲಿ ಇರುತ್ತದೆ. ದೊಡ್ಡ ಹಾಳೆಯ ಮೇಲೆ ಎಡಗಡೆ ತಾರೀಖು, ಪಕ್ಕದಲ್ಲಿ ಮೂರು ಕಾಲಂ ಎಳೆದು ಕಂಡದ್ದನ್ನು ಕಂಡ ಹಾಗೇ, ಅರ್ಥ ಊಹಿಸದೆ ಬರೆಯುತ್ತಾ ಹೋದೆವು. ಓದುವ ಕೆಲಸವನ್ನು ಆಮೇಲೆ ಮಾಡಿದ್ದು. ಮೊದಲೇ ಅರ್ಥ ಹಚ್ಚಲು ಹೋದರೆ ಕಣ್ಣು ಅದನ್ನೇ ಕಾಣತೊಡಗುತ್ತದೆ.

ಸಂಕ್ಷೇಪಗಳೇ ದೊಡ್ಡ ಬೇಲಿ. ಟಿ.ಒ.ಎಸ್. ಎಂದರೆ ಆ ಘಟಕದ ಲೆಕ್ಕಕ್ಕೆ ಸೇರಿಸಿಕೊಂಡರು, ಎಸ್.ಒ.ಎಸ್. ಎಂದರೆ ಲೆಕ್ಕದಿಂದ ತೆಗೆದರು. ಎಸ್.ಒ.ಎಸ್. ಕಂಡು ಯಾವುದೋ ಆಪತ್ತು ಎಂದು ಎದೆ ಹೊಡೆದುಕೊಳ್ಳಬೇಡಿ, ಹೆಚ್ಚಾಗಿ ಅದು ಬರೀ ವರ್ಗಾವಣೆ. ವರ್ಗಾವಣೆಯಾದರೆ ಒಂದು ಕಡೆ ಎಸ್.ಒ.ಎಸ್., ಇನ್ನೊಂದು ಕಡೆ ಟಿ.ಒ.ಎಸ್. ಇರುತ್ತದೆ, ನಡುವಿನ ದಿನಗಳೆಲ್ಲ ಪ್ರಯಾಣ ಅಥವಾ ರೀಇನ್‌ಫೋರ್ಸ್‌ಮೆಂಟ್ ಕ್ಯಾಂಪಿನ ಕಾಯುವಿಕೆ. ಎಸ್.ಪಿ.ಆರ್. ಎಂದರೆ ಸ್ಯಾಪರ್, ಈ ದಳದಲ್ಲಿ ಸಿಪಾಯಿಗೆ ಅದೇ ಹೆಸರು. ಎಲ್/ಎನ್.ಕೆ. ಲಾನ್ಸ್ ನಾಯಕ್. ಮುಂದೆ ಎ ಎಂದಿದ್ದರೆ ಹಂಗಾಮಿ, ಡಬ್ಲ್ಯು/ಎಸ್ ಎಂದಿದ್ದರೆ ಯುದ್ಧಕಾಲಕ್ಕೆ ಖಾಯಂ. ಜಮಾದಾರ್ ಎಂದಿದ್ದರೆ ಸಣ್ಣ ಹುದ್ದೆಯೆಂದು ಭಾವಿಸಬೇಡಿ. ಅಂದಿನ ವೈಸರಾಯ್ ಕಮಿಷನ್ಡ್ ಅಧಿಕಾರಿ ಅದು, ಇಂದಿನ ನಾಯಬ್ ಸುಬೇದಾರ್. ಡಿ.ವಿ.ಆರ್. ಐ.ಸಿ. ಎಂದರೆ ಮೋಟಾರು ಎಂಜಿನ್ ವಾಹನದ ಡ್ರೈವರ್. ಎಂ.ಇ.ಎಫ್. ಈಜಿಪ್ಟ್ ಕಡೆಯ ಪಡೆ, ಪೈಫೋರ್ಸ್ ಇರಾನ್ ಇರಾಕ್ ಕಡೆಯದು, ಸಿ.ಎಂ.ಎಫ್. ಇಟಲಿ ಕಡೆಯದು, ಸಿಯಾಕ್ ಬರ್ಮಾ ಕಡೆಯದು. ಐ.ಒ.ಆರ್. ಎಂಬುದಕ್ಕೆ ಎರಡು ಅರ್ಥ. ಸೇನಾ ಕಾಗದದಲ್ಲಿ ಭಾರತೀಯ ಸಾಮಾನ್ಯ ಸೈನಿಕ, ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ರೆಕಾರ್ಡ್ಸ್.

ಕ್ಲಾಸ್ ಎಂಬ ಪದ ನಮ್ಮನ್ನು ಒಂದು ವಾರ ಅಲೆಸಿತು. ಮೇಲಿನ ಭಾಗದಲ್ಲಿ ಕ್ಲಾಸ್ ಎಂದರೆ ಸೇನೆ ಲೆಕ್ಕ ಹಿಡಿದ ಜಾತಿ ಅಥವಾ ಪ್ರಾಂತ್ಯದ ವರ್ಗ. ಕೆಳಗೆ ಕಸುಬಿನ ಮುಂದೆ ಬರುವ ಕ್ಲಾಸ್ 3 ಎಂದರೆ ಕೆಲಸದ ಪರೀಕ್ಷೆಯ ದರ್ಜೆ. ತಾತನ ಕಸುಬು ಬಡಗಿ ಎಂದಿತ್ತು. ಊರಲ್ಲಿ ಅವರು ಉಳಿ ಹಿಡಿದದ್ದನ್ನು ಕಂಡವರಿಲ್ಲ, ಸೇನೆಯಲ್ಲೇ ಕಲಿತದ್ದಿರಬೇಕು. ವಿದ್ಯೆಯ ಕಾಲಂನಲ್ಲಿ ಆರ್.ಯು. ಎಂದಿದ್ದರೆ ರೋಮನ್ ಉರ್ದು, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಉರ್ದು. ಅಂದಿನ ಸೈನ್ಯದಲ್ಲಿ ಅದಕ್ಕೇ ಬೇರೆ ಪರೀಕ್ಷೆ ಇತ್ತು.

ಎಲ್ಲಕ್ಕಿಂತ ಹೆಚ್ಚು ಗಾಬರಿಪಡಿಸಿದ್ದು 1944ರ ಆಗಸ್ಟ್‌ನ ಒಂದು ಸಾಲು. ಡಿಸ್ಚ್ ಎಂದು ಸ್ಪಷ್ಟವಾಗಿ ಬರೆದಿತ್ತು. ಯುದ್ಧದ ನಡುವೆಯೇ ತಾತನನ್ನು ಸೇನೆಯಿಂದ ತೆಗೆದುಹಾಕಿದರೇ ಎಂದು ಚಿಕ್ಕಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹತ್ತೊಂಬತ್ತು ದಿನ ಹಿಂದಿನ ಸಾಲಿನಲ್ಲಿ ಎ.ಡಿ.ಎಂ., ಐ.ಜಿ.ಎಚ್. ಎಂದಿದ್ದನ್ನು ನಾವು ಆಡಳಿತದ ಯಾವುದೋ ಕಚೇರಿ ಎಂದು ಓದಿದ್ದೆವು. ಅದು ಇಂಡಿಯನ್ ಜನರಲ್ ಹಾಸ್ಪಿಟಲ್‌ಗೆ ಸೇರಿಸಿದ್ದು, ಡಿಸ್ಚ್ ಎಂದರೆ ಆಸ್ಪತ್ರೆಯಿಂದ ಬಿಟ್ಟದ್ದು. ಕಾಯಿಲೆಯ ಜಾಗದಲ್ಲಿ ಎಂ.ಟಿ. ಎಂದಿತ್ತು. ಬೇರೆ ಪುಟಗಳಲ್ಲಿ ಎಂ.ಟಿ. ಎಂದರೆ ಮೆಕ್ಯಾನಿಕಲ್ ಟ್ರಾನ್ಸ್‌ಪೋರ್ಟ್, ಆಸ್ಪತ್ರೆಯ ಸಾಲಿನಲ್ಲಿ ಮಾರಕ ಬಗೆಯ ಮಲೇರಿಯಾ. ಬಿ.ಟಿ. ಎಂದಿದ್ದರೆ ಸೌಮ್ಯ ಬಗೆಯದು, ಎನ್.ವೈ.ಡಿ. ಎಂದಿದ್ದರೆ ಕಾಯಿಲೆ ಇನ್ನೂ ಪತ್ತೆಯಾಗಿಲ್ಲ ಎಂದು. ಡಿ.ಐ. ಎಂದಿದ್ದರೆ ಜೀವಕ್ಕೆ ಅಪಾಯವಿತ್ತು. ಅದೇ ಅಕ್ಷರಕ್ಕೆ ಎರಡೆರಡು ಅರ್ಥ ಇರುವ ಕಡೆ ಮೇಲಿನ ಕೆಳಗಿನ ಸಾಲು ಓದದೆ ತೀರ್ಮಾನ ಮಾಡಬಾರದು ಎಂಬುದನ್ನು ಆ ಎರಡು ದಿನ ಕಲಿಸಿದವು.

ಪೇ ಬುಕ್ಕನ್ನು ದುಡ್ಡಿನ ಲೆಕ್ಕ ಎಂದು ಪಕ್ಕಕ್ಕಿಡುವವರೇ ಹೆಚ್ಚು. ಹಾಗೆ ಮಾಡಬೇಡಿ. ಪ್ರತಿ ಸಲ ಸಂಬಳ ಕೊಟ್ಟ ಅಧಿಕಾರಿ ತಾರೀಖು ಹಾಕಿ ಸಹಿ ಮಾಡಿ ಘಟಕದ ಹೆಸರು ಬರೆಯುತ್ತಿದ್ದ. ಬೇರೆಲ್ಲೂ ಇಲ್ಲದ ಕಂಪನಿಯ ಸಂಖ್ಯೆ ನಮಗೆ ಸಿಕ್ಕಿದ್ದು ಅಂಥ ಒಂದು ಸಹಿಯ ಕೆಳಗೆ. ಎಫ್.ಎ. ಎಂಬ ಸಾಲು ಫ್ಯಾಮಿಲಿ ಅಲಾಟ್‌ಮೆಂಟ್, ಸಂಬಳದಲ್ಲಿ ಹಿಡಿದು ನೇರವಾಗಿ ಮನೆಗೆ ಕಳಿಸುತ್ತಿದ್ದ ಹಣ. ಅಜ್ಜಿಗೆ ತಿಂಗಳಿಗೆ 10 ರೂಪಾಯಿ, ಒಂದು ತಿಂಗಳೂ ತಪ್ಪಿಲ್ಲ. ಆ ಪುಟ ನೋಡಿದಾಗ ಅತ್ತೆ ತುಂಬ ಹೊತ್ತು ಮಾತಾಡಲಿಲ್ಲ. ತಾತ ಮನೆಯನ್ನು ಮರೆತು ಹೋಗಿದ್ದರು ಎಂಬ ಮಾತು ಮನೆಯಲ್ಲಿ ಎಪ್ಪತ್ತು ವರ್ಷ ಓಡಾಡಿತ್ತು.

ಪೋಸ್ಟ್ ಕಾರ್ಡಿನ ಮೇಲೆ ಊರಿನ ಹೆಸರಿರುವುದಿಲ್ಲ, ಸೆನ್ಸಾರ್ ಬಿಡುತ್ತಿರಲಿಲ್ಲ. ಆದರೆ ಮೊಹರಿನಲ್ಲಿ ಎಫ್.ಪಿ.ಒ. ಎಂದು ನಂಬರು ಇರುತ್ತದೆ, ಅದು ಫೀಲ್ಡ್ ಪೋಸ್ಟ್ ಆಫೀಸ್. ಯಾವ ನಂಬರಿನ ಅಂಚೆ ಯಾವ ತಿಂಗಳು ಎಲ್ಲಿತ್ತು ಎಂಬ ಪಟ್ಟಿಗಳನ್ನು ಅಂಚೆಚೀಟಿ ಸಂಗ್ರಹಿಸುವವರು ಮಾಡಿಟ್ಟಿದ್ದಾರೆ. ಹವ್ಯಾಸಿ ಸಂಗ್ರಾಹಕರನ್ನು ಕೇಳಿದರೆ ಸಂತೋಷದಿಂದ ನೋಡಿ ಹೇಳುತ್ತಾರೆ.

ಕಂಪನಿಯ ಸಂಖ್ಯೆ ಮತ್ತು ತಾರೀಖು ಎರಡೂ ಸಿಕ್ಕ ಮೇಲೆ ವಾರ್ ಡೈರಿ. ಪ್ರತಿ ಘಟಕವೂ ದಿನದಿನ ಎಲ್ಲಿತ್ತು, ಏನು ಮಾಡಿತು ಎಂದು ಬರೆದಿಟ್ಟ ದಿನಚರಿ ಅದು. ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದಲ್ಲಿ ಇವೆ. ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲೂ ಇವೆ. ಬರ್ಮಾದ್ದು ಡಬ್ಲ್ಯು.ಒ. 172 ಸರಣಿ, ಈಜಿಪ್ಟ್ ಮತ್ತು ಮಧ್ಯಪ್ರಾಚ್ಯದ್ದು ಡಬ್ಲ್ಯು.ಒ. 169. ಸೈನಿಕನ ವೈಯಕ್ತಿಕ ಕಡತಕ್ಕೆ ಲಂಡನ್ ಬೇಡ ಎಂದೆ, ಘಟಕದ ದಿನಚರಿಗೆ ಬೇಕು. ಅಲ್ಲಿ ರೀಡರ್ಸ್ ಟಿಕೆಟ್ ಉಚಿತ, ಸ್ವಂತ ಕ್ಯಾಮೆರಾದಲ್ಲಿ ಫೋಟೊ ತೆಗೆಯುವುದೂ ಉಚಿತ. ಆ ಊರಿನಲ್ಲಿ ಕೆಲಸಕ್ಕಿರುವ ನಮ್ಮ ಸೋದರಸಂಬಂಧಿ ಒಂದು ಶನಿವಾರ ಹೋಗಿ 140 ಪುಟ ತೆಗೆದುಕೊಟ್ಟಳು. ಪರಿಚಯದವರು ಯಾರೂ ಇಲ್ಲದಿದ್ದರೆ ಹಣ ಕಟ್ಟಿ ನಕಲು ತರಿಸಬೇಕು, ಪುಟದ ಲೆಕ್ಕದಲ್ಲಿ ಅದು ದುಬಾರಿ. ಯಾವ ತಿಂಗಳುಗಳು ಬೇಕು ಎಂದು ಪೇ ಬುಕ್ಕಿನಿಂದ ಖಚಿತ ಮಾಡಿಕೊಂಡೇ ಕೇಳಿ.

ದಿನಚರಿಯಲ್ಲಿ ತಾತನ ಹೆಸರು ಹುಡುಕಿ ನಿರಾಶರಾಗಬೇಡಿ. ಅಧಿಕಾರಿಗಳ ಹೆಸರಷ್ಟೇ ಸಾಮಾನ್ಯವಾಗಿ ಬರುತ್ತದೆ, ಉಳಿದವರು ಸಂಖ್ಯೆಯಲ್ಲಿ. ಪುಟಕ್ಕೆ ಜಾಗ, ತಾರೀಖು, ಹೊತ್ತು, ನಡೆದದ್ದು ಎಂದು ಕಾಲಂ. ಜಾಗ ಎಷ್ಟೋ ಕಡೆ ಊರ ಹೆಸರಲ್ಲಿ ಇಲ್ಲ, ಎರಡು ಅಕ್ಷರ ಮತ್ತು ಅಂಕಿಗಳ ಗ್ರಿಡ್ ಸಂಕೇತದಲ್ಲಿ ಇದೆ. ಅದನ್ನು ಇಂದಿನ ನಕ್ಷೆಗೆ ಕೂರಿಸಲು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಉಚಿತವಾಗಿ ಇಟ್ಟಿರುವ ಹಳೆಯ ಸೇನಾ ನಕ್ಷೆಗಳು ನೆರವಾದವು. ಗ್ರಿಡ್ ಬಿಡಿಸಲು ಆಗದ ಕಡೆ ಹಿಂದಿನ ಮುಂದಿನ ದಿನದ ಊರು, ನಡುವಿನ ಮೈಲಿ ಲೆಕ್ಕ ಹಿಡಿದು ಗುರುತು ಹಾಕಿದೆವು.

ಮನೆಯಲ್ಲಿ ಒಂದು ಮಾತು ಬಹಳ ಹೆಮ್ಮೆಯಿಂದ ನಡೆದುಬಂದಿತ್ತು: ತಾತ ಬರ್ಮಾದಲ್ಲಿ ಪ್ರಪಂಚದಲ್ಲೇ ಉದ್ದದ ಸೇತುವೆ ಕಟ್ಟಿದರು ಎಂದು. ಅಂಥ ಸೇತುವೆ ಇದ್ದದ್ದು ನಿಜ. 1944ರ ಡಿಸೆಂಬರಿನಲ್ಲಿ ಕಲೇವಾದಲ್ಲಿ ಚಿಂದ್ವಿನ್ ನದಿಗೆ ತೇಲುವ ಬೈಲಿ ಸೇತುವೆ (ಉಕ್ಕಿನ ಬಿಡಿ ಚೌಕಟ್ಟುಗಳನ್ನು ಜೋಡಿಸಿ ಮಾಡುವಂಥದು) ಹಾಕಿದರು, 1,154 ಅಡಿ, ಆಗ ಆ ಬಗೆಯಲ್ಲಿ ಅದೇ ಅತಿ ಉದ್ದದ್ದು. ಆದರೆ ದಿನಚರಿ ಬೇರೆ ಹೇಳುತ್ತದೆ. ತಾತನ ಕಂಪನಿ ಆ ದಿನಗಳಲ್ಲಿ ಸೇತುವೆಯ ಮೇಲಿರಲಿಲ್ಲ, ಭಾರತದ ಗಡಿಯ ಬಳಿಯ ತಾಮುವಿನಿಂದ ಅತ್ತ ಹೋಗುವ ರಸ್ತೆಯ ಮೇಲಿತ್ತು. ಪುಟದ ಮೇಲೆ ಪುಟ ಮೋರಿ, ಮರದ ಸಣ್ಣ ಸೇತುವೆ, ಕೆಸರಿಗೆ ಅಡ್ಡಡ್ಡ ದಿಮ್ಮಿ ಹಾಸಿದ್ದು, ರಾತ್ರಿ ಮಳೆಗೆ ಕೊಚ್ಚಿಹೋದದ್ದನ್ನು ಬೆಳಗ್ಗೆ ಮತ್ತೆ ಹಾಕಿದ್ದು. ಬಡಗಿ, ಕ್ಲಾಸ್ 3 ಎಂಬುದರ ಅರ್ಥ ಅಲ್ಲಿ ಬಿಡಿಸಿಕೊಂಡಿತು. ಸೇತುವೆಗೆ ಬೇಕಾದ ಸಾಮಾನು ಹೊತ್ತ ಲಾರಿಗಳು ದಾಟಿದ್ದು ಇಂಥ ರಸ್ತೆಯ ಮೇಲೆಯೇ. ಚಿಕ್ಕಪ್ಪ ಈಗ ಹಾಗೆಯೇ ಹೇಳುತ್ತಾರೆ, ಸೇತುವೆಯ ಮಾತು ಬಿಟ್ಟಿದ್ದಾರೆ.

ಕೊನೆಗೆ ಉಳಿದದ್ದು ಸರ್ಟಿಫಿಕೇಟಿನ ಕೆಳಗಿನ ಸಾಲು. ನಡತೆ: ವೆರಿ ಗುಡ್. ಕಾರಣದ ಜಾಗದಲ್ಲಿ ಸೇನೆಯ ಸಂಖ್ಯೆ ಇಳಿಸಿದ್ದರಿಂದ ಬಿಡುಗಡೆ ಎಂದಿದೆ, ಯಾವ ತಪ್ಪಿಗೂ ಅಲ್ಲ. ತಾರೀಖು 1946ರ ಫೆಬ್ರವರಿ. ಅದರ ಪಕ್ಕದಲ್ಲಿ ಆರ್/ಡಬ್ಲ್ಯು ಎಂದು ಎರಡಕ್ಷರ, ಮುಂದೆ ಮಡಿಕೆಯಲ್ಲಿ ಸವೆದ ಒಂದು ಪದ. ಆರ್/ಡಬ್ಲ್ಯು ಎಂದರೆ ರೈಲ್ವೆ ವಾರಂಟ್, ಬಿಡುಗಡೆಯಾದವನನ್ನು ಮನೆಯ ಹತ್ತಿರದ ಸ್ಟೇಷನ್‌ಗೆ ತಲುಪಿಸುವ ಚೀಟಿ. ಸವೆದ ಪದವನ್ನು ಟಾರ್ಚಿನ ಓರೆ ಬೆಳಕಿನಲ್ಲಿ ಓದಿದೆವು. ಫ್ರೆಂಚ್ ರಾಕ್ಸ್.